ಬಂದರು, ಎರಡು ಕ್ಯಾನ್ ನೀರು ತುಂಬಿಸಿಕೊಂಡು ಹೋದರು. ಇನ್ನೆಂತ ಮಾಡುವುದು?

ತೋಡಿನ ಬದಿ · ಶುಕ್ರವಾರ, ರಾತ್ರಿ 9.50

ಉಡುಪಿ ಮಣಿಪಾಲದ ನಡುವೆ ನಮ್ಮ ಮನೆ. ಜಾಗದ ಹೆಸರು ಬೇಡ, ಆಚೀಚೆಯವರಿಗೆ ಹೇಗೂ ಗೊತ್ತಾಗ್ತದೆ. ಮನೆ ಹಿಂದೆ ತೋಡು, ತೋಡಿನಿಂದ ಸ್ವಲ್ಪ ಈಚೆ ಅಜ್ಜನ ಕಾಲದ ಬಾವಿ. ಮೇಲೆ ಗುಡ್ಡದಲ್ಲಿ ಐದಾರು ವರ್ಷದ ಹಿಂದೆ ಒಂದು ದೊಡ್ಡ ಫ್ಲ್ಯಾಟ್ ಎದ್ದಿತು.

ಈ ಮಳೆಗಾಲದಲ್ಲಿ ಮೂರು ಸಲ ನೋಡಿದ್ದೇನೆ. ಜೋರು ಮಳೆ ಹಿಡಿದ ರಾತ್ರಿ ತೋಡಿನ ನೀರು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಸೋಪಿನ ನೊರೆ, ಕಕ್ಕಸು ಗುಂಡಿಯ ನಾತ. ಬೆಳಿಗ್ಗೆ ಎದ್ದು ನೋಡಿದರೆ ಏನೂ ಆಗದ ಹಾಗೆ ಬರೀ ಕೆಂಪು ನೀರು. ಹೋದ ವಾರ ಬಾವಿಗೂ ವಾಸನೆ ಬಂತು. ಅಮ್ಮ ಈಗ ಅನ್ನಕ್ಕೆ ಪಕ್ಕದ ಮನೆಯಿಂದ ನೀರು ತರುವುದು.

ಒಂದು ಕಚೇರಿಗೆ ಹೋದೆ, ಅದು ನಮ್ಮ ವ್ಯಾಪ್ತಿ ಅಲ್ಲ ಎಂದರು. ಇನ್ನೊಂದಕ್ಕೆ ಹೋದೆ, ಅರ್ಜಿ ಇಟ್ಟು ಹೋಗಿ ಎಂದರು. ಮೂರನೆಯವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ ಎಂದರು. ಅಷ್ಟಕ್ಕೇ ಮೂರು ದಿನ ಹೋಯಿತು. ಮಂಡಳಿಗೆ ಮೇಲ್ ಹಾಕಿದ ಮರುದಿನ ಸಂಜೆ ಇಬ್ಬರು ಬಂದರು. ಒಬ್ಬ ಹುಡುಗ ಆಫೀಸರ್, ಇನ್ನೊಬ್ಬರು ಪ್ರಾಯದವರು, ಕೈಯಲ್ಲಿ ಐಸ್ ಪೆಟ್ಟಿಗೆ. ಫ್ಲ್ಯಾಟಿನ ಪೈಪಿನಿಂದ ಆಗ ಸಣ್ಣಗೆ ಹರಿಯುತ್ತಿತ್ತು. ಎರಡು ಕ್ಯಾನ್ ತುಂಬಿಸಿದರು. ಒಂದು ಗಾಜಿನ ಬಾಟಲಿಯಲ್ಲಿ ತೆಗೆದು ಎಂತದೋ ಎರಡು ಔಷಧಿ ಹಾಕಿದರು, ನೀರು ಗಂಜಿ ತಿಳಿಯ ಹಾಗೆ ಬಿಳಿ ಆಯಿತು. ಫ್ಲ್ಯಾಟಿನ ಮ್ಯಾನೇಜರನ್ನು ಕರೆಸಿ ಸಹಿ ಹಾಕಿಸಿಕೊಂಡರು. ಒಂದು ಜೋರು ಮಾತಿಲ್ಲ. ಬಂದ್ ಮಾಡಿಸ್ತೀರಾ ಸರ್ ಎಂದು ಕೇಳಿದರೆ "ವರದಿ ಬರಲಿ" ಎಂದು ಜೀಪು ಹತ್ತಿದರು.

ಇಷ್ಟೇನಾ ಇವರ ಕೆಲಸ?

ಮಲ್ಪೆ ಧಕ್ಕೆ · ರಾತ್ರಿ 10.05

ವರದಿ ಬರುವಾಗ ನಿಮ್ಮ ತೋಡಿನ ನೀರು ಮಸ್ಕತ್ ಮುಟ್ಟಿರ್ತದೆ ಮಾರಾಯ್ರೆ.

ಖಾಲಿ ಡಬ್ಬಿ · ರಾತ್ರಿ 10.12

ಕ್ಯಾನ್ ತುಂಬಿಸಿದ್ದು ನೀವು ನೋಡಿದ್ದು. ಆಮೇಲೆ ಮ್ಯಾನೇಜರ ರೂಮಿನಲ್ಲಿ ಬೇರೆಂತ ತುಂಬಿತೋ, ಅದನ್ನು ಯಾರು ನೋಡಿದ್ದು? ಬರೆದಿಟ್ಟುಕೊಳ್ಳಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಕಾಗದ ಬರ್ತದೆ.

ಐಸ್ ಪೆಟ್ಟಿಗೆ · ರಾತ್ರಿ 11.20

ಖಾಲಿ ಡಬ್ಬಿಯವರೇ, ನಾನೂ ಅಂಥ ಪೆಟ್ಟಿಗೆ ಹೊತ್ತವನೇ. ಮಂಡಳಿಯಲ್ಲಿ ಕೆಳಗಿನ ಹುದ್ದೆಗೆ ಸೇರಿ ನಿವೃತ್ತನಾದವ. ಎಲ್ಲೆಲ್ಲಿ ಇದ್ದೆ ಎಂದು ಬರೆಯುವುದಿಲ್ಲ. ತಿನ್ನುವವರು ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಆದರೆ ತೋಡಿನ ಬದಿಯವರು ಬರೆದದ್ದು ಓದಿದರೆ ಆ ಇಬ್ಬರು ಕೆಲಸ ಗೊತ್ತಿದ್ದವರು ಎಂದು ಕಾಣುತ್ತದೆ.

1974ರ ಜಲ ಕಾಯ್ದೆಯಲ್ಲಿ ಕಲಂ 21 ಎಂದುಂಟು. ಕೇಸು ನಿಲ್ಲಬೇಕಾದರೆ ಮಾದರಿ ಹೇಗೆ ತೆಗೆಯಬೇಕು ಎಂದು ಅದರಲ್ಲಿದೆ. ಜಾಗದವರಿಗೆ ಅಲ್ಲೇ ಆಗಲೇ ನೋಟಿಸ್ ಕೊಡಬೇಕು. ಅವರ ಎದುರಿಗೆ ನೀರನ್ನು ಎರಡು ಪಾಲು ಮಾಡಬೇಕು. ಎರಡಕ್ಕೂ ಸೀಲು ಒತ್ತಿ, ಗುರುತು ಹಾಕಿ, ಎರಡು ಕಡೆಯವರೂ ಸಹಿ ಮಾಡಬೇಕು. ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ. ಅವರು ಕೇಳಿದರೆ ಇನ್ನೊಂದು ಪಾಲು ಸರ್ಕಾರ ಗೊತ್ತುಮಾಡಿದ ಬೇರೆ ಪ್ರಯೋಗಾಲಯಕ್ಕೆ. ನೀವು ಕಂಡ ಎರಡು ಕ್ಯಾನ್ ಅದು. ಸಹಿ ಹಾಕುವುದಿಲ್ಲ ಎಂದು ಅವರು ಹಟ ಹಿಡಿದರೂ, ಬೇಕೆಂದೇ ತಲೆ ತಪ್ಪಿಸಿಕೊಂಡರೂ ದಾರಿ ಉಂಟು, ಅದನ್ನು ಬರೆದು ನಾವೇ ಸಹಿ ಮಾಡಬೇಕು. ಇದರಲ್ಲಿ ಒಂದು ತಪ್ಪಿದರೂ ಆ ವರದಿಯನ್ನು ಕೋರ್ಟು ಮುಟ್ಟುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಹೊಸತರಲ್ಲಿ ಒಂದು ರಾತ್ರಿ, ಇದೇ ಹಾಗೆ ಮಳೆ, ಒಂದು ಕಾರ್ಖಾನೆಯ ಹಿಂದಿನ ಚರಂಡಿಯಲ್ಲಿ ಕಾಫಿಯಷ್ಟು ಕಪ್ಪು ನೀರು. ಗೇಟು ತೆಗೆಸಿ ಯಾರನ್ನಾದರೂ ಕರೆಯುವಷ್ಟರಲ್ಲಿ ನಿಲ್ಲಿಸಿಬಿಟ್ಟರೆ ಎಂಬ ಹೆದರಿಕೆಗೆ ಹೊರಗಿನಿಂದಲೇ ತುಂಬಿಸಿಕೊಂಡು ಬಂದೆ. ಸಾಹೇಬರು ಬೆನ್ನು ತಟ್ಟಿದರು. ವರ್ಷಗಟ್ಟಲೆ ನಡೆದ ಕೇಸಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ, "ನಮ್ಮವರ ಸಹಿ ಎಲ್ಲಿ?" ಬಿದ್ದುಹೋಯಿತು. ಆಮೇಲೆ ನಾನು ಸಹಿ ಇಲ್ಲದೆ ಒಂದು ಲೋಟ ನೀರೂ ಎತ್ತಲಿಲ್ಲ.

ಜೋರು ಮಾತಾಡಲಿಲ್ಲ ಎಂದಿರಿ. ಜೋರು ಮಾಡಿದರೆ ಮ್ಯಾನೇಜರ್ ಓಡಿಹೋಗುತ್ತಾನೆ, ಸಹಿ ಯಾರು ಹಾಕುವುದು?

ಇನ್ನು ಗಾಜಿನ ಬಾಟಲಿ. ಅದು ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವುದಕ್ಕೆ. ಜಾಗದಲ್ಲೇ ಮ್ಯಾಂಗನೀಸ್ ಸಲ್ಫೇಟೂ ಕ್ಷಾರದ ದ್ರಾವಣವೂ ಹಾಕಿ ಕಟ್ಟಿಹಾಕಬೇಕು, ಇಲ್ಲದಿದ್ದರೆ ದಾರಿಯಲ್ಲೇ ಲೆಕ್ಕ ಬದಲಾಗುತ್ತದೆ. ನೀರಿನಲ್ಲಿ ಜೀವ ಇದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಆಮ್ಲಜನಕ ಒಂಚೂರೂ ಇಲ್ಲದಿದ್ದರೆ ಬಿಳಿ. ನಿಮ್ಮದು ಗಂಜಿ ತಿಳಿಯ ಹಾಗೆ ಬಿಳಿ ಆಯಿತು ಎಂದು ಬರೆದಿದ್ದೀರಿ. ಉತ್ತರ ಆ ಹುಡುಗನಿಗೆ ನಿಮ್ಮ ತೋಡಿನ ಬದಿಯಲ್ಲೇ ಸಿಕ್ಕಿದೆ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ವರದಿ ಯಾಕೆ ತಡ ಎಂದರೆ, ಬಿಒಡಿ ಎಂಬ ಪರೀಕ್ಷೆಗೇ 27 ಡಿಗ್ರಿಯಲ್ಲಿ 3 ದಿನ ಕತ್ತಲೆಯಲ್ಲಿ ಇಡಬೇಕು. ಕೊಳಕನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಯಿತು ಎಂಬ ಲೆಕ್ಕ ಅದು. ದೋಸೆ ಹಿಟ್ಟು ಹುಳಿ ಬರಲಿಕ್ಕೂ ಒಂದು ರಾತ್ರಿ ಬೇಕಲ್ಲ.

ತೋಡಿನ ಬದಿ · ರಾತ್ರಿ 11.41

ಸರ್, ಬಿಳಿ ಆದದ್ದು ನೂರಕ್ಕೆ ನೂರು ನಿಜ. ಅಮ್ಮನೂ ನೋಡಿದ್ದಾರೆ. ಇದನ್ನು ಅವರು ಒಂದು ಮಾತು ಹೇಳಿದ್ದರೆ ನಾನು ಇಲ್ಲಿ ಬೈದು ಬರೆಯುತ್ತಲೇ ಇರಲಿಲ್ಲ.

ಬೈಪಾಸ್ · ಶನಿವಾರ, ಬೆಳಿಗ್ಗೆ 6.30

ನಾನು ಎಸ್‌ಟಿಪಿ ಆಪರೇಟರ್, ಅಂದ್ರೆ ಕೊಳಚೆ ನೀರು ಶುದ್ಧ ಮಾಡುವ ಘಟಕ ನಡೆಸುವವ. ಎರಡು ಫ್ಲ್ಯಾಟ್ ನೋಡಿಕೊಳ್ತೇನೆ, ಒಂದು ಹಗಲು ಒಂದು ರಾತ್ರಿ. ನಿಮ್ಮ ಮೇಲಿನ ಫ್ಲ್ಯಾಟ್ ನನ್ನದಲ್ಲ, ಆದ್ರೂ ಮಳೆ ಬಂದ ರಾತ್ರಿಯೇ ಯಾಕೆ ಎಂದು ನಾನು ಹೇಳ್ತೇನೆ.

ಒಳಗೆ ದೊಡ್ಡ ಟ್ಯಾಂಕ್ ಉಂಟು. ಅದರಲ್ಲಿ ಕೊಳಕು ತಿನ್ನುವ ಬ್ಯಾಕ್ಟೀರಿಯಾ. ಅವಕ್ಕೆ ಉಸಿರಾಡ್ಲಿಕ್ಕೆ ಬ್ಲೋವರ್ ಹಗಲು ರಾತ್ರಿ ಗಾಳಿ ಊದಬೇಕು. ಬ್ಲೋವರ್ ಎಂದರೆ ಕರೆಂಟ್, ಕರೆಂಟ್ ಎಂದರೆ ಮೆಸ್ಕಾಂ ಬಿಲ್. ಬಿಲ್ಡರ್ ಇರುವಷ್ಟು ದಿನ ಓಡ್ತದೆ. ಅಸೋಸಿಯೇಷನ್ ಕೈಗೆ ಬಂದ ಕೂಡ್ಲೆ ಮೀಟಿಂಗಲ್ಲಿ ಮೊದಲು ಬರುವ ಮಾತು, "ರಾತ್ರಿ ಎಲ್ಲರೂ ಮಲಗ್ತಾರಲ್ಲ, ಬ್ಲೋವರ್ ಯಾಕೆ?" ಆರು ಗಂಟೆ ಗಾಳಿ ಇಲ್ಲದಿದ್ರೆ ಟ್ಯಾಂಕ್ ಕಪ್ಪಾಗ್ತದೆ. ಮತ್ತೆ ಅದನ್ನು ಎಬ್ಬಿಸ್ಲಿಕ್ಕೆ ದಿನಗಟ್ಟಲೆ ಬೇಕು, ಸೆಗಣಿ ನೀರು ಕೂಡ ಹಾಕಿದ್ದೇನೆ.

ಎರಡನೆಯದ್ದು ಮಾಡಿನ ನೀರು, ಛಾವಣಿಯ ಮಳೆ ನೀರು. ಬಾಲ್ಕನಿ ಪೈಪು, ಟೆರೇಸ್ ಪೈಪು ಕೆಲವು ಕಡೆ ಒಳಗಿಂದೊಳಗೇ ಕಕ್ಕಸಿನ ಲೈನಿಗೆ ಸೇರಿಸಿರ್ತಾರೆ. ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಆಟಿ ತಿಂಗಳ ಮಳೆಗೆ ಟ್ಯಾಂಕ್ ತುಂಬಿ ಬರ್ತದೆ. ಆಗ ಮೇಲಿಂದ ಫೋನ್, ಬೈಪಾಸ್ ವಾಲ್ವ್ ತೆಗಿ. ತೆಗೆಯದಿದ್ರೆ ಬೇಸ್‌ಮೆಂಟಿನ ಕಾರುಗಳು ಮುಳುಗ್ತವೆ, ತೆಗೆದ್ರೆ ತೋಡಿಗೆ ಹೋಗ್ತದೆ. ನನ್ನ ಕೆಲಸ ಕಾರಿನ ಕಡೆ ನೋಡುವುದು.

ಮಂಡಳಿಯವರು ಬಂದಾಗ ನಾವು ಎಂತ ಮಾಡ್ತೇವೆ ಹೇಳ್ಲಾ? ಲಾಗ್ ಪುಸ್ತಕ ತೋರಿಸ್ತೇವೆ. ಒಂದೇ ಪೆನ್ನಿನಲ್ಲಿ ತಿಂಗಳ ಎಲ್ಲ ದಿನ ಬರೆದದ್ದು. ಒಬ್ಬರು ಮೇಡಂ ಬಂದಿದ್ರು, ಪುಸ್ತಕ ಮುಟ್ಟಲೇ ಇಲ್ಲ. ಸೀದಾ ಹೋಗಿ ಎಸ್‌ಟಿಪಿಯ ಕರೆಂಟ್ ಮೀಟರಿನ ರೀಡಿಂಗ್ ಬರ್ಕೊಂಡ್ರು, ಹೋದ ತಿಂಗಳ ಬಿಲ್ ಕೇಳಿದ್ರು. ಅಧ್ಯಕ್ಷರ ಮುಖ ನೋಡ್ಬೇಕಿತ್ತು.

ಮಲ್ಪೆ ಧಕ್ಕೆ · ಬೆಳಿಗ್ಗೆ 7.02

ಬೈಪಾಸ್ ಅಣ್ಣ, ನಿಮ್ಮ ಹೆಸರಿಗೆ ಈಗ ಅರ್ಥ ಆಯ್ತು.

ಐಸ್ ಪೆಟ್ಟಿಗೆ · ಬೆಳಿಗ್ಗೆ 8.15

ಆ ಮೇಡಂ ಯಾರೋ, ಅವರಿಗೆ ನನ್ನದೊಂದು ನಮಸ್ಕಾರ.

ಬೈಪಾಸ್ ಅವರು ಹೇಳಿದ್ದಕ್ಕೆ ನಮ್ಮ ನೆಲದ ಗುಣವನ್ನೂ ಸೇರಿಸಿಕೊಳ್ಳಿ. ಮುರಕಲ್ಲು ಎಂದರೆ ಇಲ್ಲಿಯ ಕೆಂಪು ಕಲ್ಲು, ಜೇನುಗೂಡಿನ ಹಾಗೆ, ತೂತು ತೂತು. ಮೇಲೆ ಬಿದ್ದ ನೀರು ಅದರೊಳಗೆ ದಾರಿ ಮಾಡಿಕೊಂಡು ಬಾವಿಗೆ ಬರಲಿಕ್ಕೆ ಹೆಚ್ಚು ಹೊತ್ತು ಬೇಡ. ತೋಡಿನ ಬದಿಯವರೇ, ಬಾವಿ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬ ಸರ್ಟಿಫಿಕೇಟು ಮಂಡಳಿಯವರಿಂದ ಕಾಯಬೇಡಿ. ಅದಕ್ಕೆ ಬೇರೆ ಪ್ರಯೋಗಾಲಯಗಳಿವೆ. ಪಂಚಾಯತಿನಲ್ಲಿ ಸಣ್ಣ ಹೆಚ್‌ಟುಎಸ್ ಬಾಟಲಿ ಸಿಗುತ್ತದೆ, ನೀರು ತುಂಬಿಸಿ ಬೆಚ್ಚಗೆ ಒಂದೆರಡು ದಿನ ಇಟ್ಟು ಕಪ್ಪಾದರೆ ಮಲದ ಅಂಶ ಸೇರಿದೆ ಎಂದು ಸಂಶಯ ಪಡಬೇಕು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ ಕೋಲಿ ಒಂದೂ ಇರಬಾರದು. ಅಲ್ಲಿಯವರೆಗೆ ಅಮ್ಮ ಪಕ್ಕದ ಮನೆಯ ನೀರನ್ನೇ ತರಲಿ, ಅದನ್ನೂ ಕುದಿಸಲಿ. ಆ ಬಾವಿಯೂ ಅದೇ ಗುಡ್ಡದ ಕೆಳಗೇ ಇರುವುದಲ್ಲವಾ?

ಕರಿಕೋಟು · ಬೆಳಿಗ್ಗೆ 10.40

ಸುಮ್ಮನೆ ಕಾಯಬೇಡಿ, ಕಾಗದ ಮಾಡಿಕೊಳ್ಳಿ.

ಒಂದು, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ: ಆ ಫ್ಲ್ಯಾಟಿಗೆ ಮಂಡಳಿ ಕೊಟ್ಟ ಕಾರ್ಯಾಚರಣೆ ಸಮ್ಮತಿ ಪತ್ರ, ಅದರ ಷರತ್ತುಗಳು, ಪರಿಶೀಲನಾ ವರದಿ, ವಿಶ್ಲೇಷಣಾ ವರದಿ. "ಕ್ರಮ ಯಾಕೆ ಕೈಗೊಂಡಿಲ್ಲ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆಯ ಪ್ರತಿ ಕೇಳಿ.

ಸಮ್ಮತಿ ಪತ್ರ ಯಾಕೆಂದರೆ ಮಿತಿ ಅದರಲ್ಲಿರುತ್ತದೆ. ಹೊಳೆ ತೋಡಿಗೆ ಬಿಡುವ ತ್ಯಾಜ್ಯನೀರಿಗೆ ಬಿಒಡಿಯ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಆದರೆ ಫ್ಲ್ಯಾಟುಗಳಿಗೆ ಇದಕ್ಕಿಂತ ಬಿಗಿ ಹಾಕಿ, ಶುದ್ಧ ಮಾಡಿದ ನೀರನ್ನು ಗಿಡಕ್ಕೂ ಫ್ಲಶ್ಶಿಗೂ ಬಳಸಬೇಕು ಎಂದು ಬರೆದಿರುವುದುಂಟು. ಹಾಗಿದ್ದರೆ ತೋಡಿಗೆ ಪೈಪು ಇಟ್ಟದ್ದೇ ತಪ್ಪು, ಬಿಒಡಿ ಎಷ್ಟಿದ್ದರೇನು.

ಎರಡು, ಜಲ ಕಾಯ್ದೆಯ ಕಲಂ 49. ಮಂಡಳಿಯೇ ಕೋರ್ಟಿಗೆ ಹೋಗಬೇಕೆಂದಿಲ್ಲ. 60 ದಿನದ ನೋಟಿಸು ಕೊಟ್ಟು ಯಾರು ಬೇಕಾದರೂ ದೂರು ದಾಖಲಿಸಬಹುದು. ಆಗ ಮಂಡಳಿ ತನ್ನ ಕೈಯಲ್ಲಿರುವ ವರದಿಗಳನ್ನು ನಿಮಗೆ ಕೊಡಬೇಕಾಗುತ್ತದೆ. ಈ ಕಲಂ ಓದಿದವರು ಕಡಿಮೆ, ಬಳಸಿದವರು ಇನ್ನೂ ಕಡಿಮೆ.

ಮೂರು, ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈ ಪೀಠ. ಘಟನೆ ಆಗಿ 6 ತಿಂಗಳೊಳಗೆ ಹೋಗಬೇಕು. ಪರಿಹಾರ ಕೇಳುವುದಾದರೆ 5 ವರ್ಷದ ಅವಧಿ ಉಂಟು.

ಖಾಲಿ ಡಬ್ಬಿ · ಬೆಳಿಗ್ಗೆ 10.58

ಚೆನ್ನೈಗೆ ಹೋಗಿ ಬರುವ ಖರ್ಚಿನಲ್ಲಿ ಬಾವಿಯನ್ನೇ ಬೇರೆ ತೋಡಬಹುದು.

ಗೇರುಬೀಜ · ಬೆಳಿಗ್ಗೆ 11.30

ಇಲ್ಲಿ ಎಲ್ಲರೂ ಫ್ಲ್ಯಾಟಿನವನನ್ನು ಬೈಯುವುದು. ನನ್ನದು ಸಣ್ಣ ಗೇರುಬೀಜದ ಕಾರ್ಖಾನೆ, ನಲ್ವತ್ತು ಹೆಂಗಸರು ಕೆಲಸಕ್ಕೆ ಬರ್ತಾರೆ. ನಾನು ಸಮ್ಮತಿಗೆ ಅರ್ಜಿ ಹಾಕಿದಾಗ ಆನ್‌ಲೈನಿನಲ್ಲಿ ಒಂದು ಪ್ರಶ್ನೆ, ಅದಕ್ಕೆ ಉತ್ತರ ಕೊಟ್ರೆ ಇನ್ನೊಂದು ಪ್ರಶ್ನೆ. ಕೊನೆಗೆ ಒಬ್ಬ ಕನ್ಸಲ್ಟೆಂಟನ್ನು ಹಿಡಿದೆ. ಅವ ತೆಗೆದುಕೊಂಡದ್ದು ಸರ್ಕಾರಿ ಶುಲ್ಕಕ್ಕಿಂತ ಜಾಸ್ತಿ. ಜನರೇಟರಿನ ಹೊಗೆ ಕೊಳವೆ ಎರಡು ಮೀಟರ್ ಎತ್ತರ ಮಾಡಿ ಎಂದ್ರು, ಮಾಡಿದೆ. ಎತ್ತರ ಮಾಡಿದ್ರೆ ಹೊಗೆ ಕಡಿಮೆ ಆಗ್ತದಾ? ಪಕ್ಕದ ಊರಿಗೆ ಹೋಗ್ತದೆ, ಅಷ್ಟೆ ಅಲ್ವಾ?

ಮಾಲಿನ್ಯ ಹೆಚ್ಚಿನವರಿಂದ ಕಡಿಮೆಯವರವರೆಗೆ ಕಾರ್ಖಾನೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ಮಾಡಿದ್ದಾರಲ್ಲ. ಕೆಂಪಿನವರ ಗೇಟಿನ ಹತ್ರ ಜೀಪು ನಿಂತದ್ದು ನಾನು ನೋಡಿಲ್ಲ. ನಮ್ಮಂಥವರ ಬಾಗಿಲು ಬೇಗ ಸಿಗ್ತದೆ.

ಐಸ್ ಪೆಟ್ಟಿಗೆ · ಮಧ್ಯಾಹ್ನ 12.45

ಗೇರುಬೀಜದವರೇ, ಕೊನೆಯ ಮಾತಿನಲ್ಲಿ ಸತ್ಯ ಉಂಟು. ದೊಡ್ಡವರ ಗೇಟಿನಲ್ಲಿ ಪಾಸು ಬರೆಸಿ, ಹೆಲ್ಮೆಟ್ ಹಾಕಿಸಿ, ಚಹಾ ಕುಡಿಸಿ ಒಳಗೆ ಬಿಡುವಷ್ಟರಲ್ಲಿ ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಎಂತ ಬೇಕಾದರೂ ಸರಿಯಾಗುತ್ತದೆ. ಅದಕ್ಕೇ 2014ರಲ್ಲಿ ಕೇಂದ್ರ ಮಂಡಳಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳಿಗೆ ಆನ್‌ಲೈನ್ ಮಾಪಕ ಕಡ್ಡಾಯ ಮಾಡಿದ್ದು. ಚಿಮಣಿಯ ಲೆಕ್ಕ ಸೀದಾ ಸರ್ವರಿಗೆ ಹೋಗಬೇಕು. ಮಾಪಕವನ್ನು ಸರಿಯಾಗಿ ಇಟ್ಟುಕೊಂಡಿದ್ದಾರಾ ಎಂದು ನೋಡಲಿಕ್ಕೆ ಮತ್ತೆ ಮನುಷ್ಯನೇ ಹೋಗಬೇಕು, ಅದು ಬೇರೆ.

ಕೊಳವೆಯದ್ದಕ್ಕೆ ಲೆಕ್ಕ ಉಂಟು. ಜನರೇಟರಿನ ಸಾಮರ್ಥ್ಯದ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ, ಕಟ್ಟಡದ ಎತ್ತರಕ್ಕೆ ಕೂಡಿಸಬೇಕು. ನಿಮ್ಮದು 100 ಕೆವಿಎ ಇರಬೇಕು, 2 ಮೀಟರ್ ಬಂತು. ಹೊಗೆ ಕಡಿಮೆ ಆಗುವುದಿಲ್ಲ ನಿಜ. ಆದರೆ ಬೀಜ ಸುಲಿಯುವ ಆ ನಲ್ವತ್ತು ಹೆಂಗಸರ ಮೂಗಿಗೆ ಬರುವುದಿಲ್ಲ.

ಇನ್ನೊಂದು, ನಿಮ್ಮ ಶುಲ್ಕವೇ ಮಂಡಳಿಯ ಅನ್ನ. ಜಲ ಉಪಕರ ಅಂತ ಒಂದಿತ್ತು, ಜಿಎಸ್‌ಟಿ ಬಂದ 2017ರಲ್ಲಿ ಅದೂ ಹೋಯಿತು. ಸಮ್ಮತಿ ಶುಲ್ಕ ಕಟ್ಟುವವನ ಮೇಲೆಯೇ ಕಣ್ಣಿಡಬೇಕು. ಈ ಏರ್ಪಾಡು ನನಗೆ ಯಾವತ್ತೂ ಸರಿ ಕಂಡಿಲ್ಲ.

ಹಕ್ಲು ಮನಿ · ಮಧ್ಯಾಹ್ನ 1.10

ಹ್ವಾಯ್, ನಮ್ ಕುಂದಾಪ್ರ ಬದಿಯಂಗೆ ಅಕ್ಕಿ ಮಿಲ್ಲಿನ ಕರಿ ಹುಡಿ. ಒಣಗ್ಸುಕೆ ಹಾಕಿದ್ ಬಟ್ಟಿ ಮೇಲೆಲ್ಲ. ಯಾರಿಗ್ ಹೇಳುದ್ ಮಾರ್ರೆ?

ಕರಿಕೋಟು · ಮಧ್ಯಾಹ್ನ 1.22

ಮಂಡಳಿಗೇ. ಅದು 1981ರ ವಾಯು ಕಾಯ್ದೆ. ಬಟ್ಟೆಯ ಫೋಟೋ ಬೇಡ, ಚಿಮಣಿಯ ಫೋಟೋ ತೆಗೆಯಿರಿ, ದಿನ, ಗಂಟೆ ಹಾಕಿ.

ಬೂತಾಯಿ ಅಕ್ಕ · ಮಧ್ಯಾಹ್ನ 3.05

ಉಳ್ಳಾಲದ ಕಡೆಯವಳು. ನಮಗೆ ನೀರಲ್ಲ, ನಾತ. ಜೂನ್ ಜುಲೈ ಎರಡು ತಿಂಗಳು ಬೋಟು ಹೋಗದಿರುವಾಗ ನಮ್ಮ ಊರೇ ಸ್ವರ್ಗ. ಆಗಸ್ಟಿನಲ್ಲಿ ಬೂತಾಯಿ ಬರಲಿಕ್ಕೆ ಶುರುವಾದ ಮೇಲೆ ಮೀನಿನ ಹಿಟ್ಟಿನ ಫ್ಯಾಕ್ಟರಿ ಓಡುವ ದಿನ ಮಕ್ಕಳು ಮೂಗು ಮುಚ್ಚಿ ಊಟ ಮಾಡ್ತಾರೆ. ನಾವು ಮೀನಿನವರೇ, ಮೀನಿನ ವಾಸನೆಗೆ ಹೇಸುವವರಲ್ಲ. ಇದು ಬೇರೆ. ದೂರು ಕೊಟ್ಟಾಗ ಗಾಳಿ ಅಳೆಯುವ ಮಿಷನ್ ತಂದು ಇಟ್ಟರು. ಎಲ್ಲ ಮಿತಿಯೊಳಗೆ ಉಂಟು ಎಂದು ಬಂತು. ಹಾಗಾದರೆ ನಮ್ಮ ಮೂಗು ಸುಳ್ಳಾ?

ಐಸ್ ಪೆಟ್ಟಿಗೆ · ಮಧ್ಯಾಹ್ನ 4.30

ಮೂಗು ಸುಳ್ಳಲ್ಲ ಅಕ್ಕ. ಮಿಷನ್ನೂ ಸುಳ್ಳಲ್ಲ.

ಗಾಳಿಗೆ ದೇಶದಲ್ಲಿ 2009ರ ಮಾನದಂಡ ಇರುವುದು 12 ವಸ್ತುಗಳಿಗೆ. ದೂಳಿನ ಎರಡು ಬಗೆ, ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್, ಓಝೋನ್, ಸೀಸ ಹೀಗೆ. ಅಮೋನಿಯಾ ಉಂಟು. ಮೀನು ಬೇಯುವ ನಾತ ಇಲ್ಲ. ದೂಳು ಅಳೆಯುವ ಪೆಟ್ಟಿಗೆಯಲ್ಲಿ ಒಂದು ಬಿಳಿ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ತೂಗಿ ಇಡುವುದು, ಗಾಳಿ ಎಳೆಸಿದ ಮೇಲೆ ಮತ್ತೆ ತೂಗುವುದು. ನಾತಕ್ಕೆ ತೂಕ ಎಲ್ಲಿಂದ ಬರಬೇಕು? ಮಂಗಳೂರಿನ ಕದ್ರಿಯಲ್ಲಿ ಗಾಳಿ ಅಳೆಯುವ, ಇಡೀ ದಿನ ಓಡುವ ಕೇಂದ್ರ ಉಂಟು, ಮೊಬೈಲಿನಲ್ಲೇ ಲೆಕ್ಕ ನೋಡಬಹುದು, ಆದರೆ ಅದರಲ್ಲೂ ಮೂಗು ಇಲ್ಲ. ಕೈಯಿಂದ ನಡೆಸುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ಸಲ ಅಳೆಯುವುದು. ಫ್ಯಾಕ್ಟರಿ ಓಡಿದ ದಿನ ನಮ್ಮ ದಿನ ಆಗಬೇಕೆಂದಿಲ್ಲ.

ನಾತಕ್ಕೆ ಹಿಡಿಯುವ ದಾರಿ ಬೇರೆ. ಸಮ್ಮತಿ ಪತ್ರದಲ್ಲಿ ಹಬೆಯನ್ನು ತೊಳೆಯುವ ಸ್ಕ್ರಬ್ಬರ್ ಇಡಬೇಕು, ಮೀನನ್ನು ಮುಚ್ಚಿದ ಲಾರಿಯಲ್ಲೇ ತರಬೇಕು ಎಂಬಂಥ ಷರತ್ತು ಇರುತ್ತದೆ. ಸ್ಕ್ರಬ್ಬರಿಗೆ ನೀರು ಓಡುತ್ತಿದೆಯಾ, ಬೇಯಿಸುವ ಹಂಡೆಯ ಮುಚ್ಚಳ ಗಟ್ಟಿ ಇದೆಯಾ, ಅದನ್ನು ನೋಡಿ ಬರೆಯಬೇಕು. ದೂರಿನಲ್ಲಿ "ನಾತ ಬರುತ್ತದೆ" ಎಂದು ಬರೆದರೆ ಮಿಷನ್ ತರುತ್ತಾರೆ. "ಸ್ಕ್ರಬ್ಬರ್ ಓಡಿಸುತ್ತಿಲ್ಲ ಎಂಬ ಅನುಮಾನ, ರಾತ್ರಿ ಇಷ್ಟು ಗಂಟೆಗೆ ಬಂದು ನೋಡಿ" ಎಂದು ಬರೆಯಿರಿ.

ಬೂತಾಯಿ ಅಕ್ಕ · ಸಂಜೆ 5.00

ಇದನ್ನು ಯಾರೂ ಹೇಳಿರಲಿಲ್ಲ ಸರ್.

ಕಾಲಮಿತಿ · ಸಂಜೆ 6.15

ವಿಷಯ ಬಿಟ್ಟು ಒಂದು ಮಾತು. 2022ರಲ್ಲಿ ಕಟೀಲು ಮೇಳದ ಯಕ್ಷಗಾನ ಆಟಗಳು ಕಾಲಮಿತಿಗೆ ಬಂದಾಗ ನಮ್ಮಲ್ಲಿ ತುಂಬ ಜನ ಬೈದದ್ದು ಮಾಲಿನ್ಯ ಮಂಡಳಿಗೆ. ಇಡೀ ರಾತ್ರಿಯ ಆಟಕ್ಕೆ ಅಡ್ಡ ಬಂದದ್ದು ಇವರೇನಾ?

ಕರಿಕೋಟು · ಸಂಜೆ 6.40

ಅಲ್ಲ. ಅಡ್ಡ ಬಂದದ್ದು 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಎಂದು ಸರ್ಕಾರ ವರ್ಷಕ್ಕೆ 15 ದಿನ ಮಾತ್ರ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಮೈಕ್ ನಿಲ್ಲಿಸಲಿಕ್ಕೆ ಬರುವುದು ಪೊಲೀಸರು. ಚೆಂಡೆಗೆ ಮೈಕ್ ಬೇಕಾ ಎಂಬುದು ಬೇರೆ ಜಗಳ, ಅದನ್ನು ಇಲ್ಲಿ ತೆಗೆಯಬೇಡಿ.

ಖಾಲಿ ಡಬ್ಬಿ · ರಾತ್ರಿ 8.30

ಐಸ್ ಪೆಟ್ಟಿಗೆಯವರಿಗೆ ಒಂದು ಪ್ರಶ್ನೆ, ಈ ಸಲ ತಮಾಷೆ ಅಲ್ಲ. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಬಂತು. ತೆಂಗು, ಕಂಗು ಎಲ್ಲ ಕಸದೊಳಗೆ. ಅಷ್ಟು ದೊಡ್ಡ ರಾಶಿ ಒಂದು ರಾತ್ರಿಯಲ್ಲಿ ಆದದ್ದಲ್ಲ. ಎರಡು ಕ್ಯಾನ್ ನೀರಿಗೆ ಸೀಲು ಒತ್ತುವ ಮಂಡಳಿಗೆ ಆ ಗುಡ್ಡ ಕಾಣಲಿಲ್ಲವಾ?

ಐಸ್ ಪೆಟ್ಟಿಗೆ · ರಾತ್ರಿ 10.10

ಕಾಣದೆ ಇರುವುದಿಲ್ಲ. ಆ ಜಾಗದ ಫೈಲಿನಲ್ಲಿ ಎಂತ ಇತ್ತು ಎಂದು ನಾನು ಹೇಳಲಾರೆ, ನಾನು ನೋಡಿದ್ದಲ್ಲ. ನಾನು ಇದ್ದ ಕಡೆಯದ್ದು ಹೇಳುತ್ತೇನೆ.

ಖಾಸಗಿಯವನಿಗೆ ಕಲಂ 33ಎ ಆದೇಶ ಕೊಟ್ಟರೆ ಕರೆಂಟ್ ತೆಗೆಸಬಹುದು, ನೀರು ನಿಲ್ಲಿಸಬಹುದು, ಬೀಗ ಹಾಕಿಸಬಹುದು. ಊರಿನ ಕಸದ ಯಾರ್ಡಿಗೆ ಬೀಗ ಹಾಕಿದರೆ ನಾಳೆ ಬೆಳಿಗ್ಗೆ ಕಸ ಎಲ್ಲಿಗೆ? ನಗರದ ಎಸ್‌ಟಿಪಿಯ ಕರೆಂಟ್ ತೆಗೆದರೆ ಇಡೀ ಊರಿನದ್ದು ಹೊಳೆಗೆ. ಹಾಗಾಗಿ ನೋಟಿಸು ಹೋಗುತ್ತದೆ, ಅನುದಾನ ಬಂದಿಲ್ಲ ಎಂದು ಉತ್ತರ ಬರುತ್ತದೆ, ಮತ್ತೊಂದು ನೋಟಿಸು ಹೋಗುತ್ತದೆ. ಫೈಲು ದಪ್ಪ ಆಗುತ್ತದೆ. ಸರ್ಕಾರಿ ಸಂಸ್ಥೆಗಳ ಎದುರು ನಾವು ಸೋತದ್ದೇ ಹೆಚ್ಚು, ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಉಡುಪಿಯಲ್ಲಿ ಕಲ್ಸಂಕದಿಂದ ಕೆಳಗೆ ಇಂದ್ರಾಣಿ ಹೊಳೆಯ ಬದಿಯಲ್ಲಿ ಮನೆ ಇರುವವರು ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸುರತ್ಕಲ್ ಸಂಜೆ · ಭಾನುವಾರ, ಬೆಳಿಗ್ಗೆ 9.00

ನಾನು ಪರಿಸರ ವಿಷಯದಲ್ಲಿ ಎಂಟೆಕ್ ಮಾಡ್ತಿದ್ದೇನೆ. ಮಂಡಳಿಯ ಸಹಾಯಕ ಪರಿಸರ ಅಧಿಕಾರಿ ಹುದ್ದೆಗೆ ಓದ್ತಾ ಇದ್ದೇನೆ. ಇದನ್ನೆಲ್ಲ ಓದಿ ಹೆದರಿಕೆ ಆಯಿತು. ಸರ್, ಸೇರಬಹುದಾ?

ಐಸ್ ಪೆಟ್ಟಿಗೆ · ಬೆಳಿಗ್ಗೆ 9.50

ಸೇರಿ ಮಗಾ. ಆದರೆ ಗೊತ್ತಿರಲಿ, ಓದಿದ್ದಕ್ಕೆ ಸಿಗುವ ಕೆಲಸ ಕಾಲು ಪಾಲು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಳದಿ ಚೀಲಕ್ಕೆ ಹಾಕಬೇಕಾದ ಕಸವನ್ನು ಕೆಂಪಿಗೆ ಹಾಕಿದ್ದಾರಾ, 48 ಗಂಟೆ ಮೀರಿ ಇಟ್ಟುಕೊಂಡಿದ್ದಾರಾ ಎಂದು ನೋಡುವುದು. ಮಧ್ಯಾಹ್ನ ಕಾರ್ಕಳದ ಆಚೆ ಜಲ್ಲಿ ಕ್ರಷರಿನಲ್ಲಿ ದೂಳಿಗೆ ನೀರು ಹೊಡೆಯುತ್ತಾರಾ ಎಂದು ನೋಡಿ, ಅಂಗಿಯೆಲ್ಲ ಬಿಳಿ ಮಾಡಿಕೊಂಡು ಬರುವುದು. ಸಂಜೆ ಕೋರ್ಟಿನ ಉತ್ತರ ಟೈಪ್ ಮಾಡುವುದು. ನಡುವೆ ಮರಳಿನ ದೂರು, ಮರ ಕಡಿದ ದೂರು, ಕಡಲ ಬದಿಯ ಕಟ್ಟಡದ ದೂರು ಬರುತ್ತದೆ. ಮರಳು ಗಣಿ ಇಲಾಖೆಯದ್ದು, ಮರ ಅರಣ್ಯದವರದ್ದು, ಕಡಲ ಬದಿಯದ್ದು ಕರಾವಳಿ ನಿಯಂತ್ರಣ ವಲಯ ನೋಡುವ ಸಿಆರ್‌ಝೆಡ್‌ನವರದ್ದು. ನಮ್ಮದಲ್ಲ ಎಂದು ಹೇಳುವುದೂ ಒಂದು ಕೆಲಸ, ಬೈಸಿಕೊಳ್ಳುವುದು ಸಂಬಳದೊಳಗೇ ಸೇರಿದೆ.

ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಮಾಡಿಸುವುದೂ ನೀವೇ. ಕುರ್ಚಿ, ಶಾಮಿಯಾನ, ವಿಡಿಯೋ ಎಲ್ಲ ನಿಮ್ಮದು. ಅಧ್ಯಕ್ಷತೆ ಜಿಲ್ಲಾಧಿಕಾರಿಗಳದ್ದು, ಅನುಮತಿ ಕೊಡುವುದು ಬಿಡುವುದು ಮೇಲಿನವರದ್ದು. ಜನ ಕಲ್ಲು ಬಿಸಾಡಿದರೆ ಬೀಳುವುದು ನಿಮ್ಮ ತಲೆಗೆ. ಈ ಸಭೆಯ ನಿಯಮ ಇರುವ 2006ರ ಅಧಿಸೂಚನೆಯಲ್ಲಿ ಕಲ್ಲಿನ ಬಗ್ಗೆ ಏನೂ ಬರೆದಿಲ್ಲ.

ಆದರೂ ಸೇರಿ. ಬಾಟಲಿಯಲ್ಲಿ ಗಸಿ ಬಿಳಿ ಇಳಿದರೆ ಪಕ್ಕದಲ್ಲಿ ನಿಂತವರಿಗೆ ಅದರ ಅರ್ಥ ಹೇಳಿ. ನಮ್ಮ ಕಾಲದಲ್ಲಿ ನಾವು ಹೇಳುತ್ತಿರಲಿಲ್ಲ.

ತೋಡಿನ ಬದಿ · ಹದಿನೇಳು ದಿನಗಳ ನಂತರ, ರಾತ್ರಿ 9.15

ಎಲ್ಲರಿಗೂ ಹೇಳಬೇಕಿತ್ತು, ಹಾಗೆ ಬರೆಯುತ್ತಿದ್ದೇನೆ.

ವರದಿ ಬಂತು. ಬಿಒಡಿ ಸಮ್ಮತಿ ಪತ್ರದ ಮಿತಿಯನ್ನು ಎಷ್ಟೋ ಪಟ್ಟು ದಾಟಿದೆ. ಕರಿಕೋಟಿನವರು ಹೇಳಿದ ಹಾಗೆ ಪತ್ರದ ಪ್ರತಿಗೆ ಅರ್ಜಿ ಹಾಕಿದ್ದೆ, ಅದು ಇನ್ನೂ ಬಂದಿಲ್ಲ. ಆದರೆ ಮೊದಲು ಬಂದಿದ್ದ ಹುಡುಗ ಆಫೀಸರ್ ಎರಡನೇ ಸಲ ಬಂದಾಗ ಅವರೇ ಓದಿ ಹೇಳಿದರು, ತೋಡಿಗೆ ಬಿಡಲಿಕ್ಕೆ ಅನುಮತಿಯೇ ಇಲ್ಲವಂತೆ.

ಎರಡನೇ ಸಲ ಹೇಗೆ ಬಂದರು ಎಂದರೆ, ಹೋದ ಮಂಗಳವಾರ ರಾತ್ರಿ ಜೋರು ಮಳೆ. ಒಂದೂವರೆ ಗಂಟೆಗೆ ನಾತ ಬಂತು. ನಾನು ಟಾರ್ಚ್ ಹಿಡಿದು ಹೋದೆ, ತಮ್ಮ ಕೊಡೆ ಹಿಡಿದ. ಪೈಪಿನಿಂದ ಬೀಳುವುದನ್ನು ವಿಡಿಯೋ ಮಾಡಿ, ಗಂಟೆ ಕಾಣುವ ಹಾಗೆ ಆಗಲೇ ಕಳಿಸಿದೆ. ಆ ಹೊತ್ತಿಗೆ ಯಾರೂ ಬರಲಿಕ್ಕಿಲ್ಲ ಎಂದು ಗೊತ್ತಿತ್ತು. ಬೆಳಿಗ್ಗೆ ಏಳು ಗಂಟೆಗೆ ಬಂದರು. ಪೈಪು ಒಣಗಿತ್ತು. ಮ್ಯಾನೇಜರು ಲಾಗ್ ಪುಸ್ತಕ ಹಿಡಿದುಕೊಂಡು ಕಾಯುತ್ತಿದ್ದ. ನಾನು ಮೆಲ್ಲಗೆ ಹೋಗಿ "ಸರ್, ಕರೆಂಟ್ ಮೀಟರ್ ನೋಡಿ" ಎಂದೆ. ಅವರು ನನ್ನನ್ನು ಒಂದು ನಮೂನೆ ನೋಡಿ ನಕ್ಕರು, ಆಮೇಲೆ ಮೀಟರಿನ ಹತ್ತಿರ ಹೋದರು. ಟೆರೇಸಿನಿಂದ ಬಣ್ಣದ ನೀರು ಬಿಟ್ಟು ನೋಡಿದರು, ಅದು ಎಸ್‌ಟಿಪಿ ಟ್ಯಾಂಕಿನಲ್ಲಿ ಬಂತು. ಬೈಪಾಸ್ ಅಣ್ಣ, ನೀವು ಹೇಳಿದ್ದೇ.

ಈಗ ಅಸೋಸಿಯೇಷನ್ನಿಗೂ ಬಿಲ್ಡರಿಗೂ ನೋಟಿಸು ಹೋಗಿದೆ. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾರೆ. 15 ದಿನದೊಳಗೆ ಮಾಡಿನ ಪೈಪು ಬೇರೆ ಮಾಡಬೇಕು, ತೋಡಿನ ಪೈಪು ಮುಚ್ಚಬೇಕು ಎಂದಿದೆ. ಬಾವಿ ನೀರಿನ ಬಾಟಲಿ ಮರುದಿನವೇ ಕಪ್ಪಾಯಿತು. ಪಕ್ಕದ ಮನೆಯದ್ದೂ.

ಖಾಲಿ ಡಬ್ಬಿ · ರಾತ್ರಿ 9.40

ಪಕ್ಕದ ಮನೆಯದ್ದೂ! ಕಷ್ಟ ಮಾರಾಯ್ರೆ.

ಐಸ್ ಪೆಟ್ಟಿಗೆಯವರೇ, ನಮ್ಮ ಮನೆ ಹತ್ತಿರ ಒಂದು ವಾಹನ ತೊಳೆಯುವ ಗ್ಯಾರೇಜು ಉಂಟು. ಎಣ್ಣೆ ನೀರು ಸೀದಾ ಗದ್ದೆಗೆ. ದೂರಿನಲ್ಲಿ ಸರ್ವೆ ನಂಬರ್ ಬರೆಯಬೇಕಾ, ಅಂಗಡಿ ಹೆಸರು ಸಾಕಾ?

ಐಸ್ ಪೆಟ್ಟಿಗೆ · ರಾತ್ರಿ 10.02

ಎರಡೂ ಬರೆಯಿರಿ. ಯಾವ ವಾರ, ಎಷ್ಟು ಗಂಟೆಗೆ ಹೆಚ್ಚು ಗಾಡಿ ತೊಳೆಯುತ್ತಾರೆ ಎಂದು ಬರೆಯಿರಿ. ಗದ್ದೆಗೆ ಬೀಳುವ ಜಾಗಕ್ಕೆ ಜೀಪು ಹೋಗುತ್ತದಾ, ನಡೆಯಬೇಕಾ ಎಂಬುದನ್ನೂ ಬರೆಯಿರಿ. ಕ್ಯಾನ್ ತುಂಬಿದ ಮೇಲೆ ಭಾರ ಇರುತ್ತದೆ.